ಫುಲ್ ಬಾಡಿ ಚೆಕಪ್ ಪ್ಯಾಕೇಜು: ರಕ್ತ ಜಾಸ್ತಿ, ನೋಡೋದು ಕಮ್ಮಿ

ಐದಕ್ಕೆ ಎರಡೂವರೆ. ಅದರಲ್ಲಿ ಒಂದೂವರೆ ರಕ್ತ ತೆಗೆದ ಹುಡುಗಿಗೆ. ಎಂಥಾ ಕೈ ಅಂದ್ರೆ, ದೊಡ್ಡವ್ವಗೆ ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ಉಳಿದ ಎಲ್ಲದಕ್ಕೂ ಸೇರಿ ಒಂದು ಮಾರ್ಕು.

ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಸೀನಿಯರ್ ಸಿಟಿಜನ್ ಪ್ಯಾಕೇಜ್ ಇದು. ಹೆಸರು ಹಾಕುವುದಿಲ್ಲ, ಯಾಕಂದ್ರೆ ಊರಲ್ಲಿ ಸಿಗುವ ಇಂಥ ನಾಲ್ಕು ಪ್ಯಾಕೇಜಿನ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೆ ಬಣ್ಣ ಬೇರೆ, ಒಳಗಿರೋದು ಹೆಚ್ಚುಕಡಿಮೆ ಒಂದೇ. ಒಬ್ಬರಿಗೆ ಮೂರೂವರೆ ಸಾವಿರ, ಗಂಡ ಹೆಂಡತಿ ಇಬ್ಬರೂ ಹೋದರೆ ಆರು. ನಾನು ಡಾಕ್ಟರ್ ಅಲ್ಲ. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವನು, ಪಾಠಕ್ಕೆ ಬೇಕು ಅಂತ ಹೊಸ ಸಂಶೋಧನೆ ಓದುವ ಚಟ ಹತ್ತಿದೆ. ಆಳಂದ ತಾಲೂಕಿನ ಹಳ್ಳಿಯಿಂದ ಬಂದ ದೊಡ್ಡಪ್ಪ, ದೊಡ್ಡವ್ವರ ಜೊತೆ ಕೌಂಟರಿನಿಂದ ಕೌಂಟರಿಗೆ ತಿರುಗುವಾಗ ನನ್ನ ತಲೆಯಲ್ಲಿ ಓಡಿದ್ದು ಒಂದೇ ಪ್ರಶ್ನೆ: ಇದರಲ್ಲಿ ಯಾವುದು ನಿಜವಾಗಿ ಜೀವ ಉಳಿಸುತ್ತೆ ಅಂತ ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರೆ?

ಮೊದಲು ವ್ಯವಸ್ಥೆ. ಚೊಕ್ಕ ಇದೆ. ಬೆಳಿಗ್ಗೆ ಏಳಕ್ಕೇ ಶುರು, ಟೋಕನ್ ಪ್ರಕಾರ ಕರೀತಾರೆ, ನುಗ್ಗಾಟ ಇಲ್ಲ. ರಕ್ತ ಕೊಟ್ಟ ಮೇಲೆ ನಾಷ್ಟಾ ಕೂಪನ್, ಇಡ್ಲಿ ಇಲ್ಲವೇ ಉಪ್ಪಿಟ್ಟು. ರಿಪೋರ್ಟು ಸಂಜೆಯೊಳಗೆ ವಾಟ್ಸಾಪ್‌ಗೆ ಬಂತು. ಇಪ್ಪತ್ತು ಪುಟದ ಪಿಡಿಎಫ್, ಕೆಂಪು ಹಸಿರು ಬಣ್ಣದ ಮೀಟರುಗಳು, ನೋಡೋಕೆ ಚಂದ. ಒಂದೂ ಪುಟ ಕನ್ನಡದಲ್ಲಿಲ್ಲ, ಅದು ಬೇರೆ ಮಾತು.

ಈಗ ಬಿಪಿ ಕೌಂಟರ್. ಲಿಫ್ಟು ಕೆಟ್ಟಿತ್ತು. ದೊಡ್ಡಪ್ಪ ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದು ಬೆನ್ನಿಗೆ ಆಸರೆ ಇಲ್ಲದ ಸ್ಟೂಲಿನ ಮೇಲೆ ಕೂತರು. "ಕಾಕಾ, ಕೈ ಕೊಡ್ರಿ" ಅಂದಳು ಸಿಸ್ಟರ್. ಅಂಗಿಯ ತೋಳಿನ ಮೇಲೇ ಪಟ್ಟಿ ಸುತ್ತಿದಳು, ಕೈ ಕೆಳಗೆ ಜೋತು ಬಿದ್ದಿತ್ತು. ದೊಡ್ಡಪ್ಪ ಸುಮ್ನೆ ಕೂರುವ ಜನ ಅಲ್ಲ. "ಈ ಸಲ ತೊಗರಿಗಿ ರೇಟ್ ಏನ್ ನಡದದ ಗೊತ್ತದೇನವ್ವ?" ಅಂತ ಶುರು ಮಾಡಿದರು. ಮಷಿನ್ 162 ಅಂತು, ಆಕೆ 162 ಅಂತ ಬರೆದಳು, ಮುಗೀತು. ನಾನು ಬಿಡಲಿಲ್ಲ. ಐದು ನಿಮಿಷ ಕೂರಿಸಿ, ಮಾತು ನಿಲ್ಲಿಸಿ, ತೋಳು ಮೇಲೆ ಸರಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿ ಇನ್ನೊಮ್ಮೆ ನೋಡಿ ಅಂದೆ. 146 ಬಂತು. ಒಂದೇ ಮನುಷ್ಯ, ಅದೇ ಮಷಿನ್.

ಇದು ನನ್ನ ಕಿರಿಕಿರಿ ಅಂದುಕೊಳ್ಳಬೇಡಿ. 2024ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಜಾನ್ಸ್ ಹಾಪ್ಕಿನ್ಸ್‌ನವರು 133 ಜನರ ಕೈಯನ್ನು ಬೇರೆ ಬೇರೆ ರೀತಿ ಇಟ್ಟು ಬಿಪಿ ಅಳೆದು ನೋಡಿದರು. ತೊಡೆ ಮೇಲೆ ಇಟ್ಟರೆ ಮೇಲಿನ ಅಂಕೆ ಸುಮಾರು 4 ಜಾಸ್ತಿ, ಪಕ್ಕಕ್ಕೆ ಜೋತು ಬಿಟ್ಟರೆ 6.5 ಜಾಸ್ತಿ. ಪಟ್ಟಿಯ ಅಳತೆ ತಪ್ಪಿದರೆ ಇನ್ನೂ ದೊಡ್ಡ ಗೋಲ್‌ಮಾಲ್. ತೀರಾ ದಪ್ಪ ತೋಳಿನವರಿಗೆ ಸಾಮಾನ್ಯ ಪಟ್ಟಿ ಹಾಕಿದರೆ ಸುಮಾರು 20 ಹೆಚ್ಚು ತೋರಿಸುತ್ತೆ ಅಂತ 2023ರಲ್ಲೇ ಬಂದಿದೆ. ದೊಡ್ಡಪ್ಪನ ಕಡ್ಡಿ ಕೈಗೂ ದೊಡ್ಡವ್ವನ ದಪ್ಪ ತೋಳಿಗೂ ಅದೇ ಒಂದು ಪಟ್ಟಿ. ಆರು ಸಾವಿರ ತಗೊಂಡವರು ಇನ್ನೆರಡು ಅಳತೆಯ ಪಟ್ಟಿ ಇಟ್ಟುಕೊಳ್ಳೋಕೆ ಏನು ಕಷ್ಟ?

ಆಮೇಲೆ ಫಿಸಿಶಿಯನ್. ಒಳ್ಳೆ ಮನುಷ್ಯ, ನಗ್ತಾ ಮಾತಾಡ್ತಾರೆ, ಆದರೆ ಒಬ್ಬರಿಗೆ ನಾಲ್ಕು ನಿಮಿಷ ಅಷ್ಟೇ. "ವಯಸ್ಸಾದವ್ರಿಗೆ 150 ಇದ್ರೂ ನಡೀತದ" ಅಂದರು. ಆ ಕಾಲ ಹೋಯಿತು ಸರ್. 2021ರಲ್ಲಿ ಚೀನಾದಲ್ಲಿ 60ರಿಂದ 80 ವಯಸ್ಸಿನ 8,511 ಜನರ ಮೇಲೆ ಇದನ್ನೇ ನೋಡಿದ್ದಾರೆ. 130ರ ಒಳಗೆ ಇಳಿಸಿದ ಗುಂಪಿನಲ್ಲಿ ಹೃದಯಾಘಾತ, ಲಕ್ವದಂಥ ಕಾಯಿಲೆ 3.5 ಶೇಕಡಾ ಜನರಿಗೆ ಬಂದವು, 130ರಿಂದ 150ರ ನಡುವೆ ಬಿಟ್ಟವರಲ್ಲಿ 4.6. ಸಕ್ಕರೆ ಕಾಯಿಲೆ ಇದ್ದವರಲ್ಲಿ 120ರ ಒಳಗೆ ತಂದರೆ ಇಂಥ ಅಪಾಯ ಇನ್ನೂ ಇಳಿಯುತ್ತೆ ಅಂತ 2024ರಲ್ಲಿ ಅಲ್ಲೇ ಇನ್ನೊಂದು ದೊಡ್ಡ ಪರೀಕ್ಷೆ ತೋರಿಸಿತು, 12,821 ಜನ. ಅಷ್ಟು ಇಳಿಸಿದರೆ ಕೆಲವರಿಗೆ ತಲೆ ಸುತ್ತುತ್ತೆ, ಪೊಟ್ಯಾಸಿಯಂ ಏರುತ್ತೆ, ಅದೂ ನಿಜ. ಎದ್ದು ನಿಂತಾಗ ಸುತ್ತು ಬರುತ್ತಾ ಅಂತ ಕೇಳಿ ತೀರ್ಮಾನ ಮಾಡಬೇಕಾದ ಮಾತಿದು. ಕೇಳಲಿಲ್ಲ.

ಮತ್ತೆ, "ರಕ್ತ ತೆಳ್ಳಗಾಗ್ಲಿ" ಅಂತ ಒಂದು ಆಸ್ಪಿರಿನ್ ಬರೆದರು. ದೊಡ್ಡಪ್ಪಗೆ ಎಪ್ಪತ್ತು ದಾಟಿದೆ, ಹೃದಯದ ಕಾಯಿಲೆ ಆಗಿಲ್ಲ, ಸ್ಟೆಂಟ್ ಇಲ್ಲ, ಲಕ್ವ ಹೊಡೆದಿಲ್ಲ. 2018ರಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಆರೋಗ್ಯವಂತ ವಯಸ್ಸಾದವರಲ್ಲಿ ಅರ್ಧ ಜನರಿಗೆ ಇದನ್ನು ಕೊಟ್ಟು ನೋಡಿದರು. ಆಯಸ್ಸು ಹೆಚ್ಚಲಿಲ್ಲ, ಅಂಗ ಊನ ಆಗೋದು ತಪ್ಪಲಿಲ್ಲ, ದೊಡ್ಡ ರಕ್ತಸ್ರಾವ ಮಾತ್ರ 2.8ರಿಂದ 3.8 ಶೇಕಡಾಕ್ಕೆ ಏರಿತು. ಸಕ್ಕರೆ ಕಾಯಿಲೆಯವರ ಮೇಲೆ ಅದೇ ವರ್ಷ ಬಂದ ಇನ್ನೊಂದು ಪರೀಕ್ಷೆಯಲ್ಲಿ ಸ್ವಲ್ಪ ಲಾಭ ಕಂಡಿತು, ಹೆಚ್ಚುಕಡಿಮೆ ಅಷ್ಟೇ ರಕ್ತಸ್ರಾವವೂ ಕಂಡಿತು. ಈ ಸಾಲು ಓದಿ ಯಾರೂ ಆಸ್ಪಿರಿನ್ ನಿಲ್ಲಿಸಬೇಡಿ. ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಬೇಕೇ ಬೇಕು. ಏನೂ ಆಗದವರಿಗೆ ಹೊಸದಾಗಿ ಶುರು ಮಾಡೋದರ ಬಗ್ಗೆ ಮಾತ್ರ ನಾನು ಹೇಳ್ತಿರೋದು.

ಬಿಪಿ ಗುಳಿಗೆ ರಾತ್ರಿಯೇ ನುಂಗಬೇಕು ಅಂತಲೂ ಕಟ್ಟುನಿಟ್ಟಾಗಿ ಹೇಳಿದರು. ಇಂಗ್ಲೆಂಡ್ ಕಡೆ 21,104 ಜನರಲ್ಲಿ ಬೆಳಿಗ್ಗೆ ಮತ್ತು ರಾತ್ರಿ ಹೋಲಿಸಿ ನೋಡಿ 2022ರಲ್ಲಿ ಏನೂ ವ್ಯತ್ಯಾಸ ಇಲ್ಲ ಅಂದಿದ್ದಾರೆ. ಹೊಲಕ್ಕೆ ಹೋಗೋ ಮುಂಚೆ ಚಹಾ ಜೊತೆ ನುಂಗೋದು ದೊಡ್ಡಪ್ಪಗೆ ರೂಢಿ, ನಾನು ಅದನ್ನೇ ಮುಂದುವರಿಸಿ ಅಂದೆ.

ಪ್ಯಾಕೇಜಿನ ಅಸಲಿ ಬಂಡವಾಳ ರಕ್ತ. ಒಂದು ಸಲ ಸೂಜಿ ಚುಚ್ಚಿ ಎಪ್ಪತ್ತು ಎಂಬತ್ತು ಅಂಕೆ ತೆಗೆದರೆ ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕಬಹುದಲ್ವಾ. ವಿಟಮಿನ್ ಡಿ ಕಡಿಮೆ ಇದೆ ಅಂತ ಇಬ್ಬರಿಗೂ ಕೆಂಪು ಬಣ್ಣ, ಇಬ್ಬರಿಗೂ ವಾರಕ್ಕೊಂದು ಸ್ಯಾಚೆಟ್. ಅಮೆರಿಕದಲ್ಲಿ 25,871 ಜನರಲ್ಲಿ ಅರ್ಧ ಜನರಿಗೆ ವರ್ಷಗಟ್ಟಲೆ ವಿಟಮಿನ್ ಡಿ ಕೊಟ್ಟರೂ ಮೂಳೆ ಮುರಿಯೋದು ಕಡಿಮೆ ಆಗಲಿಲ್ಲ ಅಂತ 2022ರಲ್ಲಿ ಗೊತ್ತಾಯಿತು. ಆರೋಗ್ಯವಾಗಿರುವವರಿಗೆ ಈ ಟೆಸ್ಟನ್ನು ಸುಮ್ನೆ ಮಾಡಬೇಡಿ ಅಂತ ಅಲ್ಲಿನ ಹಾರ್ಮೋನ್ ತಜ್ಞರ ಸಂಘ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಹೇಳಿದೆ. ನಮ್ಮ ಹೆಣ್ಣುಮಕ್ಕಳಲ್ಲಿ ಕೊರತೆ ಇದ್ದದ್ದೇ, ಮೂಳೆ ನೋವು ಇದ್ದರೆ ನೋಡಲಿ, ತಕರಾರಿಲ್ಲ. ಆದರೆ ದೊಡ್ಡವ್ವಗೆ ಸಿಎ-125 ಅನ್ನೋ ಕ್ಯಾನ್ಸರ್ ಮಾರ್ಕರ್ ರಕ್ತದ ಟೆಸ್ಟು ಯಾಕೆ? ಅಂಡಾಶಯದ ಕ್ಯಾನ್ಸರ್ ಬೇಗ ಹಿಡಿಯೋಣ ಅಂತ ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಇಟ್ಟುಕೊಂಡು, ಒಂದೂವರೆ ದಶಕ ಕಾದು ನೋಡಿ, ಸಾವು ಕಡಿಮೆ ಆಗಲಿಲ್ಲ ಅಂತ 2021ರಲ್ಲಿ ಬರೆದಿದ್ದಾರೆ. ದೊಡ್ಡಪ್ಪನ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಹುಡುಕುವ ರಕ್ತದ ಟೆಸ್ಟು) ಕಥೆಯೂ ಅಂಥದ್ದೇ: ಒಂದು ಸಲ ಟೆಸ್ಟಿಗೆ ಕರೆದ ಗಂಡಸರಲ್ಲಿ 15 ವರ್ಷಕ್ಕೆ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು 0.69 ಶೇಕಡಾ, ಕರೆಯದವರಲ್ಲಿ 0.78. ಲಾಭ ಇದೆ, ಕೂದಲೆಳೆಯಷ್ಟು.

ಅದಕ್ಕಿಂತ ನನಗೆ ಸಿಟ್ಟು ಬಂದಿದ್ದು ಏನು ಇರಲಿಲ್ಲ ಅನ್ನೋದಕ್ಕೆ.

ದೊಡ್ಡಪ್ಪ ನಲವತ್ತು ವರ್ಷದಿಂದ ತಂಬಾಕಿಗೆ ಸುಣ್ಣ ಹಚ್ಚಿ, ಅಂಗೈಯಲ್ಲಿ ತಿಕ್ಕಿ, ದವಡೆಯಲ್ಲಿಡುವ ಮನುಷ್ಯ. ಅಷ್ಟೂ ಕೌಂಟರುಗಳಲ್ಲಿ ಒಬ್ಬರೂ "ಬಾಯಿ ತೆಗೀರಿ" ಅನ್ನಲಿಲ್ಲ. ಬೇಕಾಗಿದ್ದು ಒಂದು ಬ್ಯಾಟರಿ, ಒಂದು ಜೊತೆ ಗ್ಲೋವ್ಸ್, ಎರಡು ನಿಮಿಷ. ಕೇರಳದ ತಿರುವನಂತಪುರದಲ್ಲಿ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬಾಯಿ ನೋಡಿದ್ದರಿಂದ ತಂಬಾಕು, ಹೆಂಡ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರರಲ್ಲಿ ಒಂದು ಪಾಲು ಇಳಿಯಿತು. 2005ರ ಮಾತು, ಹಳೇದು, ಆದರೂ ಪ್ಯಾಕೇಜಿಗೆ ಇನ್ನೂ ಬಂದು ತಲುಪಿಲ್ಲ.

ದೊಡ್ಡವ್ವನ ಕಡೆ ಬಂದರೆ ಇನ್ನೂ ಬೇಜಾರು. ಗರ್ಭಕೊರಳಿನ ಕ್ಯಾನ್ಸರಿಗೆ ಎಚ್‌ಪಿವಿ (ಅದನ್ನು ತರುವ ವೈರಸ್) ಟೆಸ್ಟ್ ಒಂದೇ ಒಂದು ಸಲ ಮಾಡಿದರೂ ಸಾವು ಸುಮಾರು ಅರ್ಧಕ್ಕೆ ಇಳಿಯುತ್ತೆ ಅಂತ ಜಗತ್ತಿಗೆ ತೋರಿಸಿದ ಪರೀಕ್ಷೆ ನಡೆದಿದ್ದು ಎಲ್ಲಿ ಗೊತ್ತಾ? ಆಳಂದ ದಾಟಿದರೆ ಸಿಗೋ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗ ಧಾರಾಶಿವ ಅಂತಾರೆ. 30ರಿಂದ 59 ವಯಸ್ಸಿನ 1,31,746 ಹೆಂಗಸರು, 2009ರಲ್ಲಿ ಫಲಿತಾಂಶ. ನಮ್ಮ ಹಳ್ಳಿಗಳ ಬೀಗರು, ನೆಂಟರು ಇರೋ ಊರುಗಳವು. ಅಲ್ಲಿನ ಹೆಂಗಸರಿಂದ ಕಲಿತದ್ದನ್ನು ಪ್ರಪಂಚ ಬಳಸ್ತಿದೆ, ಗಡಿ ಈಚೆ ಇರೋ ನಮಗೆ ಆರು ಸಾವಿರ ಕೊಟ್ಟರೂ ಸಿಗೋದು ಸಿಎ-125. ಸ್ತನ ಪರೀಕ್ಷೆಯೂ ಇಲ್ಲ. ಮುಂಬೈಯಲ್ಲಿ ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಿದ್ದರಿಂದ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು 30 ಶೇಕಡಾ ಕಡಿಮೆ ಆಯಿತು. ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಹಿಂಬಾಲಿಸಿದ ಕೆಲಸ, 2021ರಲ್ಲಿ ಹೊರಬಂತು. ಯಾಕೆ ಇಡಲ್ಲ ಅಂದ್ರೆ, ಕಣ್ಣಿಂದ ನೋಡೋಕೆ, ಕೈಯಿಂದ ಮುಟ್ಟೋಕೆ ಮನುಷ್ಯರು ಬೇಕು, ಪರದೆ ಹಾಕಿದ ಕೋಣೆ ಬೇಕು, ಲೇಡಿ ಡಾಕ್ಟರ್ ಬೇಕು. ರಕ್ತಕ್ಕಾದರೆ ಮಷಿನ್ ಇದೆ.

ಮೂತ್ರದಲ್ಲಿ ಅಲ್ಬುಮಿನ್ ಅನ್ನೋ ಪ್ರೋಟೀನ್ ಸೋರುತ್ತಾ ಅಂತ ನೋಡುವ ಟೆಸ್ಟೂ ಇರಲಿಲ್ಲ. ಸಾಮಾನ್ಯ ಮೂತ್ರ ಪರೀಕ್ಷೆ ಇತ್ತು, ಅದರಲ್ಲಿ ಸ್ವಲ್ಪ ಸೋರುವ ಅಲ್ಬುಮಿನ್ ಸಿಕ್ಕಿಬೀಳಲ್ಲ. ಸಕ್ಕರೆ ಇರುವವರಲ್ಲಿ ಕಿಡ್ನಿ ಹಾಳಾಗ್ತಿದೆ ಅನ್ನೋದು ಎಷ್ಟೋ ಸಲ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಕಸ) ಏರೋಕೆ ಮುಂಚೆ ಇಲ್ಲೇ ಕಾಣೋದು. ಬೇಗ ಕಂಡರೆ ಈಗ ಮಾಡೋಕೆ ಏನೋ ಇದೆ. 2020ರಲ್ಲಿ 4,304 ಕಿಡ್ನಿ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಡಾಪಾಗ್ಲಿಫ್ಲೋಜಿನ್ ಅನ್ನೋ ಸಕ್ಕರೆ ಕಾಯಿಲೆಯ ಗುಳಿಗೆ ತಗೊಂಡವರಲ್ಲಿ ಕಿಡ್ನಿ ತೀರಾ ಕುಸಿಯೋದು, ಡಯಾಲಿಸಿಸ್‌ಗೆ ಬೀಳೋದು, ಕಿಡ್ನಿಯಿಂದ ಇಲ್ಲವೇ ಹೃದಯದಿಂದ ಸಾಯೋದು ಎಲ್ಲಾ ಸೇರಿ 9.2 ಶೇಕಡಾ, ಔಷಧಿ ಇಲ್ಲದ ಸುಳ್ಳು ಗುಳಿಗೆ ತಗೊಂಡವರಲ್ಲಿ 14.5. ಅದೇ ಜಾತಿಯ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಅರವತ್ತು ರೂಪಾಯಿ ಆಸುಪಾಸಿನ ಗುಳಿಗೆ ಹತ್ತರ ಕೆಳಗೂ ಸಿಗೋ ಹಾಗಾಯಿತು. ಇಷ್ಟೆಲ್ಲಾ ಇದ್ದೂ ಆ ಒಂದು ಮೂತ್ರದ ಟೆಸ್ಟನ್ನು ನಾನು ಹೊರಗಿನ ಲ್ಯಾಬಿನಲ್ಲಿ ಬೇರೆ ದುಡ್ಡು ಕೊಟ್ಟು ಮಾಡಿಸಿದೆ. ದೊಡ್ಡಪ್ಪಗೆ ಅಲ್ಬುಮಿನ್ ಸೋರ್ತಾ ಇತ್ತು. ಈಗ ಕಿಡ್ನಿ ಡಾಕ್ಟರ್ ನೋಡ್ತಿದ್ದಾರೆ.

ಟ್ರೆಡ್‌ಮಿಲ್ ಬಗ್ಗೆ ಎರಡೇ ಮಾತು. ಎದೆನೋವು ಇಲ್ಲದವರನ್ನು ಓಡಿಸಿ, ಇಸಿಜಿಯ ಗೆರೆ ಸ್ವಲ್ಪ ವಾಲಿದರೆ ನೇರ ಆಂಜಿಯೋಗ್ರಾಮ್‌ಗೆ ಕಳಿಸುವ ರೂಢಿ ಇದೆ. ಸ್ಥಿರವಾಗಿರುವ ಹೃದಯ ರೋಗಿಗಳಲ್ಲೇ, ಭಾರತವೂ ಸೇರಿ 37 ದೇಶದ 5,179 ಜನರಲ್ಲಿ, ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಸಾವು ಕಡಿಮೆ ಆಗಲಿಲ್ಲ ಅಂತ 2020ರಲ್ಲಿ ಬಂದಿದೆ. ಎದೆನೋವು ಇದ್ದವರಿಗೆ ನೋವು ಇಳಿಯಿತು, ಅದು ಸರಿ. ದೊಡ್ಡಪ್ಪಗೆ ನೋವೇ ಇಲ್ಲ, ನಾವು ಬೇಡ ಅಂದೆವು. ಪ್ಯಾಕೇಜಿನಲ್ಲಿ ಇದ್ದರೂ ದುಡ್ಡು ಕಳೀಲಿಲ್ಲ.

ಕೊನೆಗೆ ಆಹಾರದ ಚೀಟಿ. ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ. ಜೋಳದ ರೊಟ್ಟಿ ಎಷ್ಟು, ಶೇಂಗಾ ಹಿಂಡಿ ಎಷ್ಟು, ಉಪ್ಪಿನಕಾಯಿ ಬಿಡಬೇಕಾ, ಯಾವುದೂ ಇಲ್ಲ. ದೊಡ್ಡವ್ವ ಚೀಟಿ ನೋಡಿ "ಇದೆಲ್ಲಾ ಯಾರ ಮನ್ಯಾಗ ತಿಂತಾರಪಾ?" ಅಂದಳು. ಚೀನಾದ 600 ಹಳ್ಳಿಗಳಲ್ಲಿ ಅಡುಗೆ ಉಪ್ಪಿನ ಕಾಲು ಭಾಗ ಸೋಡಿಯಂ ಬದಲು ಪೊಟ್ಯಾಸಿಯಂ ಮಾಡಿದ್ದರಿಂದ ಲಕ್ವ 14 ಶೇಕಡಾ ಕಡಿಮೆ ಆಯಿತು. ಬೀದರಿನ ಆಚೆ, ತೆಲಂಗಾಣದ ಸಿದ್ದಿಪೇಟೆ ಹಳ್ಳಿಗಳಲ್ಲೂ ಇಂಥ ಉಪ್ಪು ಕೊಟ್ಟು ನೋಡಿ ಬಿಪಿ ಇಳಿದದ್ದನ್ನು ಬರೆದಿದ್ದಾರೆ. ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಗುಳಿಗೆ ತಿನ್ನುವವರಿಗೆ ಈ ಉಪ್ಪು ಆಗಿಬರಲ್ಲ. ಅಲ್ಬುಮಿನ್ ಕಂಡ ಮೇಲೆ ದೊಡ್ಡಪ್ಪಗೂ ಡಾಕ್ಟರನ್ನು ಕೇಳದೆ ಬೇಡ ಅಂತ ಸುಮ್ಮನಾದೆವು. ಚೀಟಿಯಲ್ಲಿ ಬರಬೇಕಾಗಿದ್ದು ಇಂಥ ಮಾತು.

ಹಾಗಾದರೆ ಚೆಕಪ್ಪೇ ಬೇಡವಾ? ಒಟ್ಟಾರೆ ಆರೋಗ್ಯ ತಪಾಸಣೆಯಿಂದ ಆಯಸ್ಸು ಹೆಚ್ಚಲ್ಲ ಅಂತ ಎರಡೂವರೆ ಲಕ್ಷ ಜನರ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಸಂಶೋಧಕರ ಸಂಸ್ಥೆ ಕಾಕ್ರೇನ್‌ನವರು ಹೇಳಿದ್ದು ನಿಜ. ಆದರೆ ಅದು ಹೆಚ್ಚಾಗಿ ಯುರೋಪು, ಅಮೆರಿಕದ ಲೆಕ್ಕ, ಅಲ್ಲಿ ಊರಿಗೊಬ್ಬ ಡಾಕ್ಟರ್ ಮೊದಲೇ ಬಿಪಿ ನೋಡಿರ್ತಾರೆ. ನಮ್ಮಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2023ರಲ್ಲಿ ಕೊಟ್ಟ ಲೆಕ್ಕದಲ್ಲಿ ದೊಡ್ಡವರಲ್ಲಿ 11.4 ಶೇಕಡಾ ಜನಕ್ಕೆ ಸಕ್ಕರೆ, 35.5 ಶೇಕಡಾ ಜನಕ್ಕೆ ಬಿಪಿ. ಇದನ್ನು ಹುಡುಕೋದು ದಂಡ ಅಲ್ಲ. ಅದಕ್ಕೆ ಆರು ಸಾವಿರ ಬೇಕಾಗಿಲ್ಲ ಅಷ್ಟೇ. 30 ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ, ಸ್ತನ, ಗರ್ಭಕೊರಳು ನೋಡುವ ಕಾರ್ಯಕ್ರಮ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೇ ಇದೆ, ಬಿಟ್ಟಿ. ಸಾಲು ಉದ್ದ ಇರುತ್ತೆ, ಕೆಲವು ಕಡೆ ಕೇಳಿ ಕೇಳಿ ಮಾಡಿಸಿಕೊಳ್ಳಬೇಕು.

ಆದರೂ ಇಲ್ಲಿಗೇ ಹೋಗ್ತೀನಿ ಅನ್ನುವವರು ಕೌಂಟರಿನಲ್ಲಿ ವಿಟಮಿನ್ ಡಿ ಮತ್ತು ಕ್ಯಾನ್ಸರ್ ಮಾರ್ಕರ್ ತೆಗೆದು ಮೂತ್ರದ ಅಲ್ಬುಮಿನ್ ಹಾಕಿಕೊಡಿ ಅಂತ ಕೇಳಿ. ನನಗೆ "ಸಿಸ್ಟಮ್‌ನಾಗ ಚೇಂಜ್ ಆಗಂಗಿಲ್ರಿ ಸರ್" ಅಂದರು, ನಾಲ್ಕು ಜನ ಕೇಳಿದರೆ ಆಗಬಹುದು. ಸೋಮವಾರ ಹೋಗಬೇಡಿ, ಹಳ್ಳಿ ಜನರ ಗದ್ದಲ. ಪಾರ್ಕಿಂಗ್ ಇಲ್ಲ, ಗಾಡಿ ರಸ್ತೆ ಮೇಲೆ. ನಾಷ್ಟಾದಲ್ಲಿ ಉಪ್ಪಿಟ್ಟು ತಗೊಳ್ಳಿ, ಇಡ್ಲಿ ಗಟ್ಟಿ.