ಗುರ್ ಅನ್ನುವ ನಾಯಿಯ ಬಾಯಿ ಮುಚ್ಚಿಸಬೇಡಿ: ನಮ್ಮ ಪುಟ್ಟಿಗೆ ಆದದ್ದು

ನಿಮ್ಮ ಮನೆಯಲ್ಲಿ ಭಯಪಡುವ ನಾಯಿ ಇದೆಯಾ? ಯಾರಾದರೂ "ಮೂರು ವಾರ ನಮ್ಮಲ್ಲಿ ಬಿಡಿ, ಪೂರ್ತಿ ಸರಿ ಮಾಡಿ ಕೊಡ್ತೀವಿ, ಗ್ಯಾರಂಟಿ" ಅಂದರೆ ದಯವಿಟ್ಟು ಬಿಡಬೇಡಿ. ನಾನು ಬಿಟ್ಟೆ. ಮೂರು ವಾರ ಆದ ಮೇಲೆ ಮನೆಗೆ ಬಂದ ಪುಟ್ಟಿ ಬೊಗಳುತ್ತಿರಲಿಲ್ಲ, ಕೆಲವೇ ದಿನದಲ್ಲಿ ಗುರ್ ಅನ್ನುವುದನ್ನೂ ನಿಲ್ಲಿಸಿದಳು. ಬಂದ ಹನ್ನೊಂದನೇ ದಿನ ಒಂದು ಸದ್ದೂ ಮಾಡದೆ ನಮ್ಮ ಅಮ್ಮನ ಕೈ ಕಚ್ಚಿದಳು. ಅದಕ್ಕೂ ಮುಂಚೆ ಅವಳು ಯಾರನ್ನೂ ಕಚ್ಚಿದವಳಲ್ಲ.

ಪುಟ್ಟಿ ನಮ್ಮ ಮನೆ ಸೇರಿದಾಗ ಅವಳಿಗೆ ಸುಮಾರು ಏಳು ತಿಂಗಳು. ಅದರ ಹಿಂದೆ ಎಲ್ಲಿದ್ದಳೋ, ಹೇಗಿದ್ದಳೋ ಹೇಳುವವರು ಯಾರೂ ಇರಲಿಲ್ಲ. ನಾಯಿಮರಿಗೆ ಹುಟ್ಟಿದ ಮೊದಲ 3 ತಿಂಗಳು ತುಂಬಾ ಮುಖ್ಯ. ಆಗ ನೋಡಿದ ಜನ, ಕೇಳಿದ ಸದ್ದು, ಜೊತೆಗೆ ಆಡಿದ ನಾಯಿಗಳು, ಇವಕ್ಕೆಲ್ಲ ಅದು ಮುಂದೆ ಅಷ್ಟಾಗಿ ಹೆದರಲ್ಲ. ಪುಟ್ಟಿಗೆ ಆ ದಿನಗಳಲ್ಲಿ ಇದ್ಯಾವುದೂ ಸಿಕ್ಕಿರಲಿಲ್ಲ ಅಂತ ಕಾಣುತ್ತೆ. ಸೈಕಲ್ ಕಂಡರೆ ಭಯ. ಟೋಪಿ ಹಾಕಿದವರನ್ನು ಕಂಡರೆ ಭಯ. ರಸ್ತೆಯ ಆ ಕೊನೆಯಲ್ಲಿ ಇನ್ನೊಂದು ನಾಯಿ ಕಂಡರೆ ಸಾಕು, ಬೆನ್ನ ಮೇಲಿನ ಕೂದಲೆಲ್ಲ ನಿಮಿರಿ, ಚೈನು ಹರಿಯುವ ಹಾಗೆ ಎಗರಿ ಬೊಗಳುತ್ತಿದ್ದಳು. ಮನೆಗೆ ಯಾರಾದರೂ ಬಂದರೆ ಮೇಜಿನ ಕೆಳಗೆ ಸೇರಿ ಗುರ್ ಅನ್ನುತ್ತಿದ್ದಳು. ನಮ್ಮ ಜೊತೆ ಮಾತ್ರ ಬೆಣ್ಣೆಯಂಥ ನಾಯಿ. ಅಮ್ಮ ಕೂತರೆ ಅವರ ಪಾದದ ಮೇಲೇ ಗಲ್ಲ ಇಟ್ಟು ಮಲಗಬೇಕು.

ಇಂಥ ನಾಯಿ ಸಾಕಿದವರಿಗೆ ಆ ಸುಸ್ತು ಗೊತ್ತಿರುತ್ತೆ. ಯಾರೂ ಇರಲ್ಲ ಅಂತ ರಾತ್ರಿ ಹನ್ನೊಂದಕ್ಕೆ ವಾಕಿಂಗ್ ಹೋಗುವುದು. ಮೂಲೆ ತಿರುಗುವ ಮುಂಚೆ ಇಣುಕಿ ನೋಡುವುದು. "ಎಂಥಾ ನಾಯಿ ಸಾಕಿದ್ದೀರಿ" ಅನ್ನುವ ಮಾತು ಕೇಳಿ ತಲೆ ತಗ್ಗಿಸುವುದು. ಮನೆಗೆ ನೆಂಟರನ್ನು ಕರೆಯುವುದನ್ನೇ ಬಿಟ್ಟಿದ್ದೆವು. ಇದನ್ನು ಯಾಕೆ ಹೇಳುತ್ತಿದ್ದೀನಿ ಅಂದರೆ, ಗ್ಯಾರಂಟಿ ಕೊಡುವವರಿಗೆ ನಾವು ಸಿಕ್ಕಿಬೀಳುವುದು ಈ ಸುಸ್ತಿನ ಹೊತ್ತಲ್ಲೇ.

ಆ ಟ್ರೈನರ್ ಮನೆಗೆ ಬಂದು ಹತ್ತೇ ನಿಮಿಷದಲ್ಲಿ ತೀರ್ಮಾನ ಹೇಳಿಬಿಟ್ಟರು. "ಇದು ನಿಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ. ಮನೆಗೆ ತಾನೇ ಯಜಮಾನಿ ಅಂದುಕೊಂಡಿದೆ. ತೋಳಗಳ ಗುಂಪಲ್ಲೂ ಹಾಗೇ, ಒಂದು ಲೀಡರ್, ಉಳಿದವು ತಗ್ಗಿ ನಡೀಬೇಕು." ಮಾತು ಎಷ್ಟು ಗಟ್ಟಿಯಾಗಿತ್ತು ಅಂದರೆ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಮೇಲೆ ಓದಿ ತಿಳಿದದ್ದು ಇದು. ಈ ಯಜಮಾನಿಕೆಯ ಕಥೆಗೆ ಮೂಲ ರುಡಾಲ್ಫ್ ಶೆಂಕೆಲ್ ಅನ್ನುವವರು 1947ರಲ್ಲಿ ಬರೆದ ಅಧ್ಯಯನ. ಅವರು ನೋಡಿದ್ದು ಸೆರೆಯಲ್ಲಿ ಒಟ್ಟಿಗೆ ಕೂಡಿಟ್ಟ ತೋಳಗಳನ್ನು. ಆ ಮಾತನ್ನು ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ಡೇವಿಡ್ ಮೆಕ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ, 1999ರಲ್ಲಿ, ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಒಂದು ಸಂಸಾರ, ಅಪ್ಪ ಅಮ್ಮ ಮತ್ತು ಮಕ್ಕಳು ಅಂತ ಬರೆದರು. ಜಗಳ ಮಾಡಿ ಗೆದ್ದವನು ಯಜಮಾನ ಅನ್ನುವ ಚಿತ್ರ ಅಲ್ಲಿಗೆ ಹೊಂದಲ್ಲ. ಮೇಜಿನ ಕೆಳಗೆ ನಡುಗುತ್ತಾ ಕೂತ ನಾಯಿ ಮನೆಗೆ ಯಜಮಾನಿ ಆಗೋಕೆ ಹೊರಟಿದೆ ಅಂತ ನಾನಾದರೂ ಹೇಗೆ ನಂಬಿದೆ ಅಂತ ಈಗ ಅನ್ನಿಸುತ್ತೆ.

ಬಿಟ್ಟು ಬಂದ ದಿನ ಒಂದು ಷರತ್ತು ಹಾಕಿದರು. ಮೂರು ವಾರ ನಾವು ನೋಡೋಕೆ ಬರುವ ಹಾಗಿಲ್ಲ, ಬಂದರೆ ಕಲಿತದ್ದೆಲ್ಲ ಕೆಡುತ್ತೆ. ಅಲ್ಲೇ ನಾನು ಪುಟ್ಟಿಯನ್ನು ಕರೆದುಕೊಂಡು ವಾಪಸ್ ಬರಬೇಕಿತ್ತು. ಬರಲಿಲ್ಲ. ದಿನಾ ಒಂದು ವಿಡಿಯೋ ಬರುತ್ತಿತ್ತು. ಎಂಟನೇ ದಿನದ ವಿಡಿಯೋದಲ್ಲಿ ಐದು ನಾಯಿಗಳ ಮಧ್ಯೆ ಪುಟ್ಟಿ ಅಲ್ಲಾಡದೆ ಕೂತಿದ್ದಳು. ನಾನು ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನು ಅಕ್ಕನಿಗೆ ಕಳಿಸಿದೆ, "ನೋಡೇ, ಎಷ್ಟು ಶಾಂತವಾಗಿದ್ದಾಳೆ" ಅಂತ.

ಅದೇ ವಿಡಿಯೋವನ್ನು ಎರಡು ತಿಂಗಳಾದ ಮೇಲೆ ಪಶುವೈದ್ಯರೊಬ್ಬರು ನನ್ನ ಪಕ್ಕ ಕೂತು, ಅಲ್ಲಲ್ಲಿ ನಿಲ್ಲಿಸಿ ತೋರಿಸಿದರು. ಬಾಯಿ ಬಿಗಿಯಾಗಿ ಮುಚ್ಚಿದೆ. ಕಿವಿ ತಲೆಗೆ ಅಂಟಿದ ಹಾಗೆ ಹಿಂದಕ್ಕೆ ಹೋಗಿದೆ. ನಾಲಿಗೆ ಮತ್ತೆ ಮತ್ತೆ ಮೂಗಿನ ತುದಿ ನೆಕ್ಕುತ್ತಿದೆ. ಒಂದು ಮುಂಗಾಲು ಸ್ವಲ್ಪ ಎತ್ತಿದೆ. ಮುಖ ಆ ಕಡೆ, ಕಣ್ಣು ಮಾತ್ರ ಈ ಕಡೆ, ಹಾಗಾಗಿ ಬಿಳಿಭಾಗ ಅರ್ಧಚಂದ್ರದ ಥರ ಕಾಣುತ್ತಿದೆ. ನಿದ್ದೆ ಬರದೆಯೂ ಆಕಳಿಸುತ್ತಿದ್ದಾಳೆ. ನಲವತ್ತು ಸೆಕೆಂಡಿನ ವಿಡಿಯೋ ಅದು. ಅಷ್ಟರಲ್ಲಿ ಅವಳು ಹತ್ತು ಸಲ "ನನಗೆ ಭಯ ಆಗ್ತಿದೆ" ಅಂದಿದ್ದಳು. ನಾನು ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

ವಾಪಸ್ ಬರುವಾಗ ಕತ್ತಲ್ಲಿ ಒಂದು ಬೆಲ್ಟ್ ಇತ್ತು, ಅದರಲ್ಲಿ ಪುಟ್ಟ ಡಬ್ಬಿ, ಜೊತೆಗೊಂದು ರಿಮೋಟ್. "ಶಾಕ್ ಅಲ್ಲ, ಸುಮ್ನೆ ಒಂದು ಸಣ್ಣ ಜುಂ ಅಷ್ಟೇ. ಗುರ್ ಅಂದ ತಕ್ಷಣ ಒತ್ತಿ" ಅಂದರು. ನಾನೂ ಎರಡು ಸಲ ಒತ್ತಿದೆ. ಇದನ್ನು ಮುಚ್ಚಿಡಲ್ಲ. ಎರಡನೇ ಸಲ ಮನೆಗೆ ಅಕ್ಕನ ಗೆಳತಿ ಬಂದಿದ್ದರು. ಪುಟ್ಟಿ ಗುರ್ ಅಂದಳು, ನಾನು ಒತ್ತಿದೆ, ಅವಳು ಕುಂಯ್ ಅಂತ ಕಿರುಚಿ ಹಾರಿಬಿದ್ದಳು. ಆಮೇಲೆ ಅವಳು ತಿರುಗಿ ನೋಡಿದ್ದು ನನ್ನ ಕಡೆ ಅಲ್ಲ, ಆ ಬಂದವರ ಕಡೆ. ಅವಳ ಮಟ್ಟಿಗೆ ನೋವು ಬಂದದ್ದು ಅವರಿಂದ. ಹೊಸಬರು ಅಂದರೆ ಭಯ ಅಂತ ಮೊದಲೇ ಇದ್ದ ನಾಯಿಗೆ, ಹೊಸಬರು ಅಂದರೆ ನೋವು ಅಂತ ನಾನು ನನ್ನ ಕೈಯಾರೆ ಕಲಿಸಿದೆ. ಅವತ್ತಿನಿಂದ ಅವಳು ಗುರ್ ಅನ್ನುವುದನ್ನು ನಿಲ್ಲಿಸಿದಳು. ಬಾಲ ಕಾಲಸಂದಿಯಲ್ಲಿ, ಮಂಚದ ಕೆಳಗೆ, ದಿನವಿಡೀ.

ಹನ್ನೊಂದನೇ ದಿನ ಸಂಜೆ ಅಮ್ಮ ಬಟ್ಟೆ ಮಡಚುತ್ತಿದ್ದರು. ಒಂದು ಟವೆಲ್ ಜಾರಿ ಪುಟ್ಟಿಯ ಹಾಸಿಗೆ ಪಕ್ಕ ಬಿತ್ತು. ಅಮ್ಮ ಬಗ್ಗಿದರು. ಆ ಹಿಂದೆ ನೂರು ಸಲ ಬಗ್ಗಿದ ಜಾಗ ಅದು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಪುಟ್ಟಿಯ ಮೈ ಕಲ್ಲಿನ ಹಾಗೆ ಬಿಗಿಯಿತು, ಉಸಿರು ನಿಂತಿತು, ಅಷ್ಟೇ. ಗುರ್ ಇಲ್ಲ, ಹಲ್ಲು ಕಿರಿಯಲಿಲ್ಲ. ಮುಂಗೈಗೆ ಬಾಯಿ ಹಾಕಿ, ಕಚ್ಚಿ, ಬಿಟ್ಟಳು. ಮರುಕ್ಷಣ ಮೂಲೆಗೆ ಓಡಿ ನಿಂತಲ್ಲೇ ಉಚ್ಚೆ ಮಾಡಿಕೊಂಡಳು. ರಕ್ತ ಸುರಿಯುತ್ತಿದ್ದ ಕೈ ಹಿಡಿದುಕೊಂಡು ಅಮ್ಮ ಹೇಳಿದ್ದು, "ಅವಳನ್ನು ಬೈಬೇಡ ಕಣೋ, ಅವಳಿಗೇ ಏನೋ ಆಗಿದೆ."

ಇಲ್ಲಿ ಒಂದು ಮಾತು. ನಿಮ್ಮದೇ ನಾಯಿ ಆಗಿರಲಿ, ಅದಕ್ಕೆ ಲಸಿಕೆ ಹಾಕಿಸಿರಲಿ, ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ, ನಲ್ಲಿ ಕೆಳಗೆ 15 ನಿಮಿಷ ತೊಳೆಯಿರಿ. ಆಮೇಲೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ನಾವು ಹಾಗೇ ಮಾಡಿದೆವು. ನಾಲ್ಕು ಹೊಲಿಗೆ ಬಿತ್ತು.

ಆ ರಾತ್ರಿ ಬೆಲ್ಟ್ ಬಿಚ್ಚಿದೆ. ಕತ್ತಿನ ಕೂದಲು ಒಂದು ಕಡೆ ಅಂಟಂಟಾಗಿ ಗಂಟು ಕಟ್ಟಿತ್ತು. ಬಿಡಿಸಿ ನೋಡಿದರೆ ಎರಡು ದುಂಡನೆ ಹುಣ್ಣು, ಒಂದೊಂದೂ ಕಡಲೆಕಾಳಿನಷ್ಟು. ಬೆಲ್ಟಿನ ಒಳಗಿದ್ದ ಎರಡು ಲೋಹದ ಮೊಳೆಗಳು ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಒತ್ತಿ ಆದದ್ದು. ಒಂದು ಆಗಲೇ ಒಣಗಿತ್ತು, ಅಂದರೆ ಅಲ್ಲಿದ್ದಾಗಲೇ ಆಗಿತ್ತು. ದಿನಾ ತಲೆ ಸವರುತ್ತಿದ್ದ ನಾನು ಕತ್ತಿನ ಕೆಳಗೆ ಕೈ ಹಾಕಿ ನೋಡಿರಲಿಲ್ಲ.

ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಅನ್ನುವ ಇಬ್ಬರು 1967ರಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗ ಒಂದಿದೆ. ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲದ ಹಾಗೆ ಶಾಕ್ ತಿಂದ ನಾಯಿಗಳನ್ನು, ಆಮೇಲೆ ಸುಲಭವಾಗಿ ಹಾರಿ ತಪ್ಪಿಸಿಕೊಳ್ಳಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಅವುಗಳಲ್ಲಿ ಹೆಚ್ಚಿನವು ಹಾರಲೇ ಇಲ್ಲ. ಶಾಕ್ ತಿನ್ನುತ್ತಾ ಅಲ್ಲೇ ಕೂತವು. ಐದು ನಾಯಿಗಳ ಮಧ್ಯೆ ಪುಟ್ಟಿ ಅಲ್ಲಾಡದೆ ಕೂತದ್ದು ನೆನೆಸಿಕೊಂಡರೆ ನನಗೆ ಈ ನಾಯಿಗಳೇ ಕಣ್ಣ ಮುಂದೆ ಬರುತ್ತವೆ. ಹೊರಗಿನಿಂದ ನೋಡಿದರೆ ಅದು ಶಿಸ್ತು. ಒಳಗೆ ಅದು ಸೋತು ಕೈಚೆಲ್ಲಿದ ಸ್ಥಿತಿ. ವೇಲ್ಸ್‌ನಲ್ಲಿ ಇಂಥ ಬೆಲ್ಟನ್ನು 2010ರಲ್ಲೇ ಕಾನೂನು ಮಾಡಿ ನಿಷೇಧಿಸಿದರು. ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘ 2021ರ ತನ್ನ ಹೇಳಿಕೆಯಲ್ಲಿ, ಕಚ್ಚುವ ನಾಯಿಯೂ ಸೇರಿದಂತೆ ಎಲ್ಲ ನಾಯಿಗಳಿಗೂ ಬಹುಮಾನ ಕೊಟ್ಟು ಕಲಿಸುವ ದಾರಿಯೇ ಸರಿ ಅಂದಿದೆ. ನನಗೆ ಇದು ಮೊದಲೇ ಗೊತ್ತಿದ್ದರೆ!

"ಬೊಗಳುವ ನಾಯಿ ಕಚ್ಚಲ್ಲ" ಅಂತೀವಲ್ಲ, ಅದನ್ನು ನಂಬಬೇಡಿ, ಬೊಗಳುವ ನಾಯಿಯೂ ಕಚ್ಚುತ್ತೆ. ಆದರೆ ಅದು ಮೊದಲು ಹೇಳಿ ಕಚ್ಚುತ್ತೆ. ಮುಖ ತಿರುಗಿಸುತ್ತೆ, ದೂರ ಹೋಗುತ್ತೆ, ಮೈ ಬಿಗಿ ಹಿಡಿಯುತ್ತೆ, ಗುರ್ ಅನ್ನುತ್ತೆ, ಗಾಳಿಯಲ್ಲಿ ಬಾಯಿ ಹಾಕುತ್ತೆ. ಕಚ್ಚುವುದು ಕೊನೆಯ ಮೆಟ್ಟಿಲು. ಗುರ್ ಅಂದದ್ದಕ್ಕೆ ಹೊಡೆದರೆ, ಶಾಕ್ ಕೊಟ್ಟರೆ, ಮಧ್ಯದ ಮೆಟ್ಟಿಲುಗಳು ಮಾಯವಾಗುತ್ತವೆ. ಭಯ ಇದ್ದಷ್ಟೇ ಇರುತ್ತೆ.

ಈಗ ನೋಡುತ್ತಿರುವ ಪಶುವೈದ್ಯರು ಮೊದಲ ದಿನ ಟ್ರೈನಿಂಗ್ ಮಾತೇ ಎತ್ತಲಿಲ್ಲ. ಮೈಯೆಲ್ಲ ಮುಟ್ಟಿ ನೋಡಿದರು. ಹಿಂಗಾಲಿನ ಸೊಂಟದ ಕೀಲು ಒತ್ತಿದಾಗ ಪುಟ್ಟಿ ತಟ್ಟನೆ ತಿರುಗಿದಳು. ಎಕ್ಸ್‌ರೇ ತೆಗೆದರೆ ಕೀಲು ಸವೆದಿತ್ತು. ಅಮ್ಮ ಅವತ್ತು ಬಗ್ಗಿದ್ದು ಅದೇ ಕಡೆಯಿಂದ. ನಾಯಿ ಇದ್ದಕ್ಕಿದ್ದ ಹಾಗೆ ಸಿಡುಕಾಗಿದೆ ಅಂದರೆ ಮೊದಲು ನೋವು ಇದೆಯಾ ನೋಡಿಸಿ. ಕಿವಿ, ಹಲ್ಲು, ಕೀಲು, ಹೊಟ್ಟೆ, ಎಲ್ಲಿ ಬೇಕಾದರೂ ಇರಬಹುದು. ಗ್ಯಾರಂಟಿ ಕೊಟ್ಟವರು ಅವಳನ್ನು ಒಮ್ಮೆಯೂ ಡಾಕ್ಟರಿಗೆ ತೋರಿಸಿ ಅಂದಿರಲಿಲ್ಲ.

ನೋವಿನ ಮದ್ದಿನ ಜೊತೆ ಫ್ಲುಯೊಕ್ಸೆಟಿನ್ ಶುರು ಮಾಡಿದರು. ಒಂಟಿಯಾಗಿ ಬಿಟ್ಟರೆ ಗಾಬರಿಯಾಗುವ ನಾಯಿಗಳಿಗೆ, ತರಬೇತಿಯ ಜೊತೆಗೆ ಕೊಡಲು, ಅಮೆರಿಕದಲ್ಲಿ 2007ರಲ್ಲಿ ಒಪ್ಪಿಗೆ ಸಿಕ್ಕ ಮದ್ದು ಅದು. "ನಾಯಿಗೂ ಮನಸ್ಸಿನ ಮಾತ್ರೆನಾ" ಅಂತ ಕೇಳುವವರು ಇದ್ದಾರೆ. ಪುಟ್ಟಿ ಮಂಚದ ಕೆಳಗೆ ನಡುಗುವುದನ್ನು ನೋಡಿದವರು ಹಾಗೆ ಕೇಳಲ್ಲ. ಕೆಲಸ ಮಾಡೋಕೆ ವಾರಗಳೇ ಬೇಕು, ಒಂದು ವಾರ ನೋಡಿ ಕೈಬಿಡಬೇಡಿ. ತಾವಾಗಿಯೇ ಅಂಗಡಿಯಿಂದ ತಂದು ಕೊಡಲೂಬೇಡಿ. ಪಟಾಕಿ ಸದ್ದಿಗೆ ಅಂತ ಕೆಲವರು ಕೊಡುವ ಆಸಿಪ್ರೊಮಜಿನ್ ಬಗ್ಗೆಯೂ ಹುಷಾರಾಗಿರಿ. ಅದೊಂದನ್ನೇ ಕೊಟ್ಟರೆ ಮೈ ಮಂಕಾಗುತ್ತೆ, ಭಯ ಹೋಗಲ್ಲ. ನಾಯಿ ಅಲ್ಲಾಡದೆ ಬಿದ್ದಿದೆ ಅಂತ ನಾವು ಸಮಾಧಾನ ಪಡ್ತೀವಿ, ಅದು ಒಳಗೊಳಗೇ ಹೆದರುತ್ತಿರುತ್ತೆ.

ಉಳಿದದ್ದೆಲ್ಲ ನಿಧಾನದ ಕೆಲಸ. ಸೈಕಲ್ ಕಂಡರೂ ಪುಟ್ಟಿ ಬೊಗಳದಷ್ಟು ದೂರ ಹುಡುಕಬೇಕು. ನಮಗೆ ಅದು ಮೊದಲಿಗೆ ಎಂಬತ್ತು ಹೆಜ್ಜೆ. ಅವಳು ಸೈಕಲ್ ನೋಡಿದ ತಕ್ಷಣ ಬೇಯಿಸಿದ ಕೋಳಿಯ ಚೂರು. ಸೈಕಲ್ ಹೋಯಿತು, ಚೂರೂ ನಿಂತಿತು. ಮೊದಲು ಸೈಕಲ್, ಆಮೇಲೆ ಚೂರು, ಈ ಕ್ರಮ ತಪ್ಪಬಾರದು. ವಾರಗಟ್ಟಲೆ ಮಾಡಿದ ಮೇಲೆ ಒಂದು ದಿನ ಅವಳು ಸೈಕಲ್ ನೋಡಿ, ಬೊಗಳದೆ, ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಮರೆಯಲ್ಲ. ಇನ್ನೊಂದು, ಭಯ ಒಂದರ ಮೇಲೊಂದು ಪೇರುತ್ತಾ ಹೋಗುತ್ತೆ. ಬೆಳಗ್ಗೆ ಬೆಲ್ ಹೊಡೆದಿದೆ, ಮಧ್ಯಾಹ್ನ ಗುಡುಗಿದೆ ಅಂದರೆ ಸಂಜೆ ಅವಳಿಗೆ ಎಂಬತ್ತು ಹೆಜ್ಜೆಯೂ ಸಾಲಲ್ಲ. ಅವತ್ತು ವಾಕಿಂಗ್ ಬೇಡ. ಮನೆಯಲ್ಲೇ ಟವೆಲಿನ ಮಡಿಕೆಯಲ್ಲಿ ತಿಂಡಿ ಬಚ್ಚಿಟ್ಟರೆ ಮೂಸಿ ಹುಡುಕುತ್ತಾಳೆ, ಅಷ್ಟು ಸಾಕು. ಎತ್ತಿಗೆ ಕಟ್ಟುವ ಕುಕ್ಕೆಯ ಥರದ ಒಂದು ಬುಟ್ಟಿಯನ್ನು ಬಾಯಿಗೆ ಹಾಕಿಸಿಕೊಳ್ಳುವುದನ್ನೂ ಕಲಿತಿದ್ದಾಳೆ. ಅದರಲ್ಲಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಾಯಿ ಬಿಗಿದು ಕಟ್ಟುವ ಬಟ್ಟೆಯ ಪಟ್ಟಿ ವಾಕಿಂಗ್‌ಗೆ ಬೇಡ, ಮೈ ಬಿಸಿಯೇರಿ ಅಪಾಯ.

ಹದಿನಾಲ್ಕು ತಿಂಗಳಾಗಿದೆ. ಪುಟ್ಟಿ ಪೂರ್ತಿ ಸರಿ ಹೋಗಿಲ್ಲ. ಹೋದ ತಿಂಗಳು ಅಕ್ಕ ಬಂದಾಗ, ಅವಳ ಚೀಲ ಪುಟ್ಟಿಯ ಹಾಸಿಗೆ ಮೇಲೆ ಬಿತ್ತು. ಪುಟ್ಟಿ ಅಕ್ಕನನ್ನೇ ನೋಡುತ್ತಾ, ಗಂಟಲಲ್ಲೇ, ತುಂಬಾ ಸಣ್ಣಗೆ ಗುರ್ ಅಂದಳು. ಅಷ್ಟು ದಿನಕ್ಕೆ ಮೊದಲ ಸಲ. ಅಮ್ಮನೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು, ನಾನು ಚೀಲ ಎತ್ತಿಕೊಂಡೆ. ಪುಟ್ಟಿ ಉದ್ದಕ್ಕೆ ಉಸಿರು ಬಿಟ್ಟು ತಲೆ ಕೆಳಗಿಟ್ಟಳು.

ಟ್ರೈನರ್ ಬೇಕೇ ಬೇಕು ಅಂದರೆ ಮೂರು ಮಾತು ಕೇಳಿ. ನಾಯಿ ಸರಿಯಾಗಿ ಮಾಡಿದರೆ ಏನು ಕೊಡ್ತೀರಿ, ತಪ್ಪಿದರೆ ಏನು ಮಾಡ್ತೀರಿ, ನಾನು ಪೂರ್ತಿ ಹೊತ್ತು ಪಕ್ಕದಲ್ಲೇ ಇರಬಹುದಾ. ಎರಡನೆಯದಕ್ಕೆ ಉತ್ತರ ತೇಲಿಸಿದರೆ, ಮೂರನೆಯದಕ್ಕೆ ಇಲ್ಲ ಅಂದರೆ, ಅಲ್ಲಿಂದ ಎದ್ದು ಬನ್ನಿ. ಈಗಾಗಲೇ ನಿಮ್ಮ ನಾಯಿ ಅಂಥ ಕಡೆ ಇದೆಯಾ? ಫೋನ್ ಮಾಡಿ ತಿಳಿಸಿ ಹೋಗಬೇಡಿ. ಇವತ್ತೇ ಹೋಗಿ, ಕರೆದುಕೊಂಡು ಬನ್ನಿ. ಮನೆಗೆ ಬಂದ ಮೇಲೆ ಬೆಲ್ಟ್ ಬಿಚ್ಚಿ, ಕತ್ತಿನ ಕೂದಲನ್ನು ಬೆರಳಿಂದ ಬಿಡಿಸಿ, ಬುಡದ ಚರ್ಮ ಕಾಣುವವರೆಗೂ ನೋಡಿ.