ಎಸಿ ಸರ್ವಿಸ್‌ಗೆ ಬಂದವರು "ಗ್ಯಾಸ್ ಖಾಲಿ" ಎಂದರೆ ಕೂಡಲೇ ಹೂಂ ಅನ್ನಬೇಡಿ

ಕಲಬುರಗಿಯ ಬಿಸಿಲು ಗೊತ್ತಲ್ವಾ? ಯುಗಾದಿ ಹೊತ್ತಿಗೇ ಮನೆ ಕಾದ ಹೆಂಚಾಗಿರುತ್ತದೆ. ಅವ್ವನಿಗೆ ಬಿಪಿ ಇದೆ. ಹಾಗಾಗಿ ಪ್ರತಿ ಮಾರ್ಚ್‌ನಲ್ಲಿ ಎಸಿ ಸರ್ವಿಸ್ ಮಾಡಿಸುತ್ತೇನೆ. ಈ ಸಲ ಮಾಮೂಲಿ ಮೆಕ್ಯಾನಿಕ್ ಊರಲ್ಲಿರಲಿಲ್ಲ. ಫೋನ್‌ನಲ್ಲಿ ಹುಡುಕಿ, 499 ರೂಪಾಯಿಗೆ ಸರ್ವಿಸ್ ಎಂದವನನ್ನು ಕರೆದೆ.

ಬಂದವನು ಫಿಲ್ಟರ್ ತೊಳೆದ. ಒಳಗಿನ ಕಾಯಿಲ್‌ಗೆ, ಅಂದರೆ ಗಾಳಿ ತಂಪು ಮಾಡುವ ಪೈಪ್ ಸುರುಳಿಗೆ, ಮೇಲೆ ಮೇಲೆ ಒಂದಿಷ್ಟು ನೀರು ಹೊಡೆದ, ಅಷ್ಟೇ. ಆಮೇಲೆ ಮಾಳಿಗೆ ಮೇಲೆ ಹೋಗಿ ಔಟ್‌ಡೋರ್ ಯುನಿಟ್‌ಗೆ ಗ್ಯಾಸ್ ಒತ್ತಡ ತೋರಿಸುವ ಗೇಜ್ ಹಚ್ಚಿ ನನ್ನನ್ನು ಕರೆದ. "ನೋಡ್ರಿ ಅಕ್ಕಾರ, ಮುಳ್ಳು ಎಷ್ಟು ಕೆಳಗ ಐತಿ. ಗ್ಯಾಸ್ ಖಾಲಿ ಆಗೇದ." ನನಗೆ ಮುಳ್ಳು ಎಲ್ಲಿರಬೇಕು ಅಂತಲೇ ಗೊತ್ತಿಲ್ಲ. ಅವ್ವನ ಮುಖ ನೆನಪಾಗಿ 2,800 ರೂಪಾಯಿ ಕೊಟ್ಟೆ. ಬಿಲ್ ಕೇಳಿದ್ದಕ್ಕೆ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ ಎಂದ. ಇವತ್ತಿಗೂ ಬಂದಿಲ್ಲ.

ಏಪ್ರಿಲ್‌ನಲ್ಲಿ ಶುರುವಾಯಿತು ಗೋಳು. ಮಧ್ಯಾಹ್ನ ಎಸಿ ಹಾಕಿದ ಹದಿನೈದು ನಿಮಿಷಕ್ಕೆ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿತ್ತು. ಆ ಸೆಕೆಯಲ್ಲಿ ಅವ್ವ ಎರಡು ರಾತ್ರಿ ಒದ್ದೆ ಬಟ್ಟೆ ಹೊದ್ದು ಮಲಗಿದರು. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಹಳೇ ಮೆಕ್ಯಾನಿಕ್ ವಾಪಸ್ ಬಂದು ಮುಚ್ಚಳ ತೆಗೆದರು. ಕಾಯಿಲ್‌ನ ಹಿಂಭಾಗದಲ್ಲಿ ಧೂಳು ಕಂಬಳಿಯಂತೆ ಕೂತಿತ್ತು. "ಅಕ್ಕಾರ, ಗ್ಯಾಸ್ ಏನು ಗಾಡಿಗೆ ಹಾಕೋ ಪೆಟ್ರೋಲ್ ಅಲ್ಲ. ನಿಮ್ಮ ಫ್ರಿಜ್ಜಿಗೆ ವರ್ಷಾ ವರ್ಷಾ ಗ್ಯಾಸ್ ಹಾಕಸ್ತೀರೇನು?" ಎಂದು ಕೇಳಿದರು. ಆ ಒಂದು ಪ್ರಶ್ನೆ ನನಗೆ ಮೊದಲೇ ಹೊಳೆಯಬೇಕಿತ್ತು. ಗ್ಯಾಸ್ ಮುಚ್ಚಿದ ಪೈಪ್‌ನೊಳಗೇ ಸುತ್ತುತ್ತಿರುತ್ತದೆ, ಸವೆಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ ಎಂದರ್ಥ. ಲೀಕ್ ಮುಚ್ಚದೆ ಗ್ಯಾಸ್ ಹಾಕಿದರೆ ಅದೂ ಹೋಗುತ್ತದೆ.

ನಮ್ಮ ಎಸಿಯಲ್ಲಿ ಲೀಕ್ ಇರಲೇ ಇಲ್ಲ. ಧೂಳಿನಿಂದ ಕಾಯಿಲ್ ಮೇಲೆ ಗಾಳಿ ಸರಿಯಾಗಿ ಹಾಯದಿದ್ದರೂ ಗೇಜ್ ಮುಳ್ಳು ಕೆಳಗೇ ನಿಲ್ಲುತ್ತದಂತೆ. ಅದನ್ನೇ ತೋರಿಸಿ ನನ್ನನ್ನು ನಂಬಿಸಿದ್ದ. ತುಂಬಿದ್ದ ಗ್ಯಾಸ್ ಮೇಲೆ ಮತ್ತೆ ಗ್ಯಾಸ್ ಬಿದ್ದು ಕಂಪ್ರೆಸರ್ ಮೇಲೆ ಒತ್ತಡ ಏರಿತ್ತು, ಕರೆಂಟ್ ಜಾಸ್ತಿ ಎಳೆಯುತ್ತಿತ್ತು. ಇನ್ನೊಂದು ವಾರ ಹೀಗೇ ಓಡಿಸಿದ್ದರೆ ಕಂಪ್ರೆಸರೇ ಸುಡಬಹುದಿತ್ತು ಎಂದರು.

ಅವರು ಕಾಯಿಲ್ ಪೂರ್ತಿ ತೊಳೆದರು. ಇದ್ದ ಗ್ಯಾಸನ್ನೆಲ್ಲ ತೆಗೆದು, ಪೈಪ್‌ನೊಳಗಿನ ಗಾಳಿ, ತೇವ ಎಳೆದು ಹಾಕಲು ವ್ಯಾಕ್ಯೂಮ್ ಪಂಪ್ ಹಚ್ಚಿದರು. ಆಮೇಲೆ ಸಿಲಿಂಡರನ್ನು ತೂಕದ ಮೇಲೆ ಇಟ್ಟು ಸರಿಯಾಗಿ 800 ಗ್ರಾಂ ಹಾಕಿದರು. ಈ ಲೆಕ್ಕ ಔಟ್‌ಡೋರ್ ಯುನಿಟ್‌ನ ಪಟ್ಟಿಯ ಮೇಲೇ ಬರೆದಿರುತ್ತದೆ: ಯಾವ ಗ್ಯಾಸ್, ಎಷ್ಟು ತೂಕ. ನಮ್ಮದು ಆರ್-32. ಅದು ಬೆಂಕಿ ಹತ್ತುವ ಗ್ಯಾಸ್, ಕಂಡಕಂಡವರ ಕೈಗೆ ಕೊಡುವಂಥದ್ದಲ್ಲ. ಮೊದಲು ಬಂದವನ ಹತ್ತಿರ ತೂಕವೂ ಇರಲಿಲ್ಲ, ಪಂಪೂ ಇರಲಿಲ್ಲ.

ಯಾರಾದರೂ ಗ್ಯಾಸ್ ಖಾಲಿ ಎಂದರೆ ಮೊದಲು ಕಾಯಿಲ್ ಪೂರ್ತಿ ತೊಳೆಸಿ, ಆಮೇಲೆ ಗೇಜ್ ನೋಡಲು ಹೇಳಿ. ಆಗಲೂ ಕಡಿಮೆ ಎಂದರೆ ಲೀಕ್ ಎಲ್ಲಿದೆ ತೋರಿಸಿ ಅನ್ನಿ. ಸೋಪು ನೀರು ಹಚ್ಚಿದರೆ ಗುಳ್ಳೆ ಬರುತ್ತದೆ, ನೀವೇ ನೋಡಬಹುದು. ದುಡ್ಡು ಕೊಡುವ ಮೊದಲೇ ಬಿಲ್ ಇಸ್ಕೊಳ್ಳಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಎಂದು ಕೂತಾಗ ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.