ಶಿಶುವಿನ ತಲೆಗೆ ಹೆಲ್ಮೆಟ್: ನಾಲ್ಕು ತಿಂಗಳ ಬಳಕೆಯ ನಂತರ

ನಮ್ಮ ಮಗ ಐದೂವರೆ ತಿಂಗಳಿನವನಿದ್ದಾಗಿನಿಂದ ಒಂಬತ್ತೂವರೆ ತಿಂಗಳಾಗುವವರೆಗೆ ದಿನಕ್ಕೆ 23 ಗಂಟೆ ಧರಿಸಿದ್ದ ಹೆಲ್ಮೆಟ್ಟು ಈಗ ಕಪಾಟಿನ ಮೇಲಿನ ಅರೆಯಲ್ಲಿದೆ. ಚಪ್ಪಟೆಯಾಗಿದ್ದ ಅವನ ಹಿಂದಲೆಯ ಬಲಭಾಗವನ್ನು ಸರಿಪಡಿಸಲೆಂದು ಅದನ್ನು ಮಾಡಿಸಿದ್ದೆವು. ಮೊದಲ ದಿನ ತಲೆಯ ಎರಡು ಕರ್ಣಗಳ, ಅಂದರೆ ಮೂಲೆಯಿಂದ ಎದುರು ಮೂಲೆಗೆ ಅಳೆದ ಓರೆ ಉದ್ದಗಳ, ನಡುವೆ ಇದ್ದ 14 ಮಿಲಿಮೀಟರ್ ವ್ಯತ್ಯಾಸ ಕೊನೆಯ ಅಳತೆಯಲ್ಲಿ 6ಕ್ಕೆ ಇಳಿದಿತ್ತು. ಇಷ್ಟನ್ನೇ ಬರೆದು ಐದಕ್ಕೆ ಐದು ನಕ್ಷತ್ರ ಕೊಟ್ಟು ಮುಗಿಸಬಹುದಿತ್ತು. ಹೆಲ್ಮೆಟ್ ಕೇಂದ್ರದವರು ಅಭಿಪ್ರಾಯ ಬರೆಯಿರೆಂದು ಎರಡು ಸಲ ನೆನಪಿಸಿದಾಗ ಬಹುಶಃ ಅದನ್ನೇ ಬಯಸಿದ್ದರು. ಆದರೆ ಆ 8 ಮಿಲಿಮೀಟರಿನಲ್ಲಿ ಹೆಲ್ಮೆಟ್ಟಿನ ಪಾಲೆಷ್ಟು, ತಾನಾಗಿ ಬೆಳೆಯುವ ತಲೆಯ ಪಾಲೆಷ್ಟು, ನಡುವೆ ಶುರುವಾದ ಕತ್ತಿನ ವ್ಯಾಯಾಮದ ಪಾಲೆಷ್ಟು ಎಂದು ನನ್ನಿಂದ ಹೇಳಲಾಗುವುದಿಲ್ಲ. ಈ ವಿಮರ್ಶೆ ಇಷ್ಟು ಉದ್ದವಾಗಿರುವುದು ಆ ಕಾರಣಕ್ಕೆ.

ಮೂರನೆಯ ತಿಂಗಳಿನಲ್ಲಿ ಒಂದು ದಿನ ಸ್ನಾನ ಮಾಡಿಸುವಾಗ, ಒದ್ದೆ ಕೂದಲು ತಲೆಗೆ ಅಂಟಿಕೊಂಡಿದ್ದಾಗ ಮೇಲಿನಿಂದ ನೋಡಿದೆ. ಹಿಂದಲೆಯ ಬಲಬದಿ ಗೋಡೆಗೆ ಒತ್ತಿ ಇಟ್ಟಂತೆ ಸಪಾಟಾಗಿತ್ತು; ಬಲಗಿವಿ ಎಡಗಿವಿಗಿಂತ ಮುಂದಿತ್ತು; ಹಣೆಯ ಬಲಭಾಗವೂ ಒಂದಿಷ್ಟು ಮುಂದೆ ಬಂದಿತ್ತು. ಮಕ್ಕಳ ವೈದ್ಯರಿಗೆ ತೋರಿಸಿದಾಗ ಅವರು ಮೊದಲು ಗಮನಿಸಿದ್ದು ಕಿವಿಯನ್ನೇ. ಒಂದೇ ಕಡೆ ಮಲಗಿದ್ದರಿಂದ ಚಪ್ಪಟೆಯಾದ ತಲೆಯಲ್ಲಿ ಆ ಬದಿಯ ಕಿವಿ, ಹಣೆ ಎರಡೂ ಮುಂದಕ್ಕೆ ಸರಿದಿರುತ್ತವೆ, ಮೇಲಿನಿಂದ ನೋಡಿದರೆ ಓರೆಯಾದ ಚೌಕದಂತೆ ಕಾಣುತ್ತದೆ. ತಲೆಬುರುಡೆಯ ಹಿಂಬದಿಯ ಹೊಲಿಗೆ, ಅಂದರೆ ಮೂಳೆಗಳು ಕೂಡುವ ಸಂದು, ಅವಧಿಗೆ ಮುನ್ನ ಬೆಸೆದುಕೊಂಡಿದ್ದರೆ ಸಾಮಾನ್ಯವಾಗಿ ಕಿವಿ ಹಿಂದಕ್ಕೂ ಕೆಳಕ್ಕೂ ಎಳೆಯಲ್ಪಟ್ಟಿರುತ್ತದೆ, ಹೊಲಿಗೆಯ ಗುಂಟ ಏಣು ಕೈಗೆ ಸಿಗುತ್ತದೆ. ಎರಡನೆಯದು ಅಪರೂಪ, ಆದರೆ ಅದಕ್ಕೆ ಬೇಕಾಗಬಹುದಾದದ್ದು ಶಸ್ತ್ರಚಿಕಿತ್ಸೆಯೇ ಹೊರತು ಹೆಲ್ಮೆಟ್ಟೊಂದೇ ಅಲ್ಲ. ಆದುದರಿಂದ ಯಾವ ಹೆಲ್ಮೆಟ್ ಕೇಂದ್ರದ ಬಾಗಿಲು ತಟ್ಟುವುದಕ್ಕೂ ಮೊದಲು ಈ ಒಂದು ಪರೀಕ್ಷೆ ವೈದ್ಯರಿಂದ ಆಗಿರಬೇಕು. ನಮ್ಮ ವೈದ್ಯರು ಅದನ್ನು ಸರಿಯಾಗಿಯೇ ಮಾಡಿದರು. ಚಪ್ಪಟೆತನದಿಂದ ಮಿದುಳಿಗೆ ಹಾನಿಯಿಲ್ಲ, ಬುರುಡೆ ಆಕಾರ ಬದಲಿಸಿಕೊಂಡರೂ ಒಳಗೆ ಮಿದುಳು ಬೆಳೆಯಲು ಜಾಗ ಇದ್ದೇ ಇರುತ್ತದೆ ಎಂದೂ ಸಮಾಧಾನವಾಗಿ ವಿವರಿಸಿದರು. ಅವರು ಮಾಡದೆ ಬಿಟ್ಟದ್ದು ಇನ್ನೊಂದು ಪರೀಕ್ಷೆ, ಅದು ಮುಂದೆ ಬರುತ್ತದೆ.

ಅಂಗಾತ ಮಲಗಿಸಿದ್ದೇ ತಪ್ಪಾಯಿತೇ ಎಂಬ ಅಳುಕು ಆ ದಿನಗಳಲ್ಲಿ ನನ್ನನ್ನು ಬಹಳ ಕಾಡಿತು. ಶಿಶುಗಳನ್ನು ಬೋರಲು ಮಲಗಿಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಸಲಹೆ ನೀಡಿತು. 1994ರಿಂದ ಅದು ಅಲ್ಲಿ ದೊಡ್ಡ ಪ್ರಚಾರಾಂದೋಲನವಾಯಿತು. ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಮುಂದಿನ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಚಪ್ಪಟೆ ತಲೆಗಳು ಹೆಚ್ಚಾದದ್ದೂ ಅದೇ ಬದಲಾವಣೆಯ ಹಿಂದೆಯೇ. ಹಾಗೆಂದು ನಿದ್ದೆಯ ಭಂಗಿಯಲ್ಲಿ ರಾಜಿಯಿಲ್ಲ, ಮಗು ಮಲಗಬೇಕಾದದ್ದು ಅಂಗಾತವೇ. ಬದಲಿಸಬೇಕಾದದ್ದು ಎಚ್ಚರವಿರುವ ಹೊತ್ತನ್ನು: ಕಣ್ಣೆದುರೇ ಬೋರಲು ಹಾಕಿ ಆಡಿಸುವುದು, ತೊಟ್ಟಿಲಲ್ಲಿ ತಲೆ ಇಡುವ ದಿಕ್ಕನ್ನು ದಿನ ಬಿಟ್ಟು ದಿನ ಅದಲುಬದಲು ಮಾಡುವುದು, ಎತ್ತಿಕೊಳ್ಳುವ ತೋಳನ್ನು ಬದಲಿಸುವುದು. ಇವನ್ನೆಲ್ಲ ನಾವು ಮಾಡಿದೆವು. ಆದರೆ ಎಷ್ಟು ಸಲ ಎಡಕ್ಕೆ ತಿರುಗಿಸಿದರೂ ಮಗುವಿನ ಮುಖ ಎರಡೇ ನಿಮಿಷದಲ್ಲಿ ಬಲಕ್ಕೆ ಹೊರಳುತ್ತಿತ್ತು. ಅದು ಅವನ ಹಟ ಎಂದುಕೊಂಡೆವು.

ಐದನೆಯ ತಿಂಗಳಿನಲ್ಲಿ ನಾವು ಹೆಲ್ಮೆಟ್ ಕೇಂದ್ರಕ್ಕೆ ಹೋದೆವು. ಅಲ್ಲಿಯ ಸೇವೆಯಲ್ಲಿ ಮೆಚ್ಚತಕ್ಕದ್ದು ಬಹಳಷ್ಟಿದೆ. ತಲೆಗೆ ತೆಳುವಾದ ಬಿಗಿ ಟೋಪಿ ತೊಡಿಸಿ, ಕ್ಯಾಮೆರಾದಿಂದ ಮೂರು ಆಯಾಮದ ಸ್ಕ್ಯಾನನ್ನು ಕೆಲವೇ ಸೆಕೆಂಡುಗಳಲ್ಲಿ ತೆಗೆದರು. ವಿಕಿರಣವಿಲ್ಲ, ಅಚ್ಚು ತೆಗೆಯಲು ಪ್ಲಾಸ್ಟರ್ ಸುತ್ತುವ ಗೋಜೂ ಇಲ್ಲ. ಹಣೆಯ ಒಂದು ಮೂಲೆಯಿಂದ ಹಿಂದಲೆಯ ಎದುರು ಮೂಲೆಗೆ, ಮತ್ತೆ ಇನ್ನೊಂದು ಮೂಲೆಯಿಂದ ಅದರ ಎದುರಿಗೆ, ಹೀಗೆ ಎರಡು ಕರ್ಣಗಳನ್ನು ಅಳೆದು ಅವುಗಳ ವ್ಯತ್ಯಾಸವನ್ನು ತೋರಿಸಿದರು. ಆಮೇಲೆ ಪರದೆಯ ಮೇಲೆ ನಮ್ಮ ಮಗನ ತಲೆ ಮೂಡಿತು, ಚಪ್ಪಟೆಯಾದ ಭಾಗ ಕೆಂಪು ಬಣ್ಣದಲ್ಲಿ. ಯಾವ ತಾಯಿಯೂ ಆ ಕೆಂಪನ್ನು ನೋಡಿ ನೆಮ್ಮದಿಯಿಂದ ಮನೆಗೆ ಹೋಗಲಾರಳು, ಮತ್ತು ಆ ಬಣ್ಣವನ್ನು ಆಯ್ದವರಿಗೆ ಅದು ತಿಳಿಯದ ವಿಷಯವೇನಲ್ಲ.

ಅನಂತರ ನಡೆದದ್ದನ್ನು ಸಮಾಲೋಚನೆ ಎನ್ನುವುದಕ್ಕಿಂತ ಮಾರಾಟ ಎನ್ನುವುದೇ ಸರಿ. ಸಮಯ ಮೀರುತ್ತಿದೆ, ಆರು ತಿಂಗಳ ಮೇಲೆ ಪರಿಣಾಮ ಕಡಿಮೆ, ಮುಂದೆ ಶಾಲೆಯಲ್ಲಿ ಮಕ್ಕಳು ಆಡಿಕೊಂಡರೆ ಎಂಬ ಮಾತುಗಳು ಬಂದವು; ಮೊದಲು ಮತ್ತು ಆಮೇಲೆ ಎಂಬ ಜೋಡಿಚಿತ್ರಗಳ ಆಲ್ಬಮ್ ಬಂತು. ಇದರಲ್ಲಿ ಸುಳ್ಳಿಲ್ಲದ ಒಂದು ಅಂಶವೂ ಇದೆಯೆಂಬುದನ್ನು ಒಪ್ಪಬೇಕು. ಹುಟ್ಟಿದಾಗ ಸುಮಾರು 34 ಸೆಂಟಿಮೀಟರ್ ಇರುವ ತಲೆಯ ಸುತ್ತಳತೆ ಆರು ತಿಂಗಳಿಗೆ 42-43ರ ಹತ್ತಿರ ಬಂದಿರುತ್ತದೆ, ಆದರೆ ವರ್ಷ ತುಂಬುವಾಗ 45-46 ಅಷ್ಟೆ. ಹೆಲ್ಮೆಟ್ಟು ಕೆಲಸ ಮಾಡುವುದು ಈ ಬೆಳವಣಿಗೆಯನ್ನು ಬಳಸಿಕೊಂಡೇ ಆದುದರಿಂದ ತಡವಾದಷ್ಟೂ ಅದಕ್ಕೆ ಸಿಗುವ ಬಂಡವಾಳ ಕಡಿಮೆ. ಆದರೆ ಇದೇ ಬೆಳವಣಿಗೆ ಹೆಲ್ಮೆಟ್ಟಿಲ್ಲದ ತಲೆಯಲ್ಲಿಯೂ ನಡೆಯುತ್ತದೆ ಎಂಬ ಮಾತು ಆ ಒಂದು ಗಂಟೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಅದನ್ನು ನಾನೇ ಆಮೇಲೆ ಓದಿ ತಿಳಿದುಕೊಂಡೆ. ನೆದರ್ಲೆಂಡ್ಸಿನಲ್ಲಿ ಐದಾರು ತಿಂಗಳ 84 ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆರು ತಿಂಗಳು ಹೆಲ್ಮೆಟ್ ಹಾಕಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡು ವರ್ಷ ತುಂಬಿದಾಗ ಅಳೆದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಪೂರ್ಣವಾಗಿ ಸರಿಹೋದವರು ಹೆಲ್ಮೆಟ್ ಗುಂಪಿನಲ್ಲಿ ನೂರಕ್ಕೆ 26, ಹಾಗೆಯೇ ಬಿಟ್ಟ ಗುಂಪಿನಲ್ಲಿ ನೂರಕ್ಕೆ 23. ಹೆಲ್ಮೆಟ್ ಹಾಕಿಸಿದ ಪೋಷಕರೆಲ್ಲರೂ ಚರ್ಮದ ಕಿರಿಕಿರಿ, ಬೆವರು, ವಾಸನೆ ಮೊದಲಾದ ಯಾವುದಾದರೊಂದು ತೊಂದರೆಯನ್ನು ಹೇಳಿದ್ದರು. ಈ ಅಂಕಿಗಳನ್ನು ಇನ್ನೊಂದು ರೀತಿಯಲ್ಲೂ ಓದಬಹುದು, ಎರಡೂ ಗುಂಪುಗಳಲ್ಲಿ ಮುಕ್ಕಾಲು ಪಾಲು ಮಕ್ಕಳ ತಲೆ ಪೂರ್ತಿ ದುಂಡಗಾಗಲಿಲ್ಲ ಎಂದು. ಅಲ್ಲದೆ ಅತಿ ತೀವ್ರವಾದ ಚಪ್ಪಟೆತನವಿದ್ದವರನ್ನೂ ಕತ್ತಿನ ಸ್ನಾಯು ಬಿಗಿದಿದ್ದವರನ್ನೂ ಆ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ನ್ಯೂಜಿಲೆಂಡಿನಲ್ಲಿ ಸುಮಾರು 200 ಮಕ್ಕಳನ್ನು ಹುಟ್ಟಿನಿಂದ ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ ನಾಲ್ಕನೆಯ ತಿಂಗಳಿಗೆ ನೂರಕ್ಕೆ ಸುಮಾರು 20 ಮಕ್ಕಳ ತಲೆ ಚಪ್ಪಟೆಯಾಗಿತ್ತು, ಎರಡು ವರ್ಷಕ್ಕೆ ಆ ಸಂಖ್ಯೆ ಮೂರರ ಆಸುಪಾಸಿಗೆ ಇಳಿದಿತ್ತು. ಇದನ್ನು ಓದಿದ ಮೇಲೆ ಆಲ್ಬಮ್ಮಿನ ಜೋಡಿಚಿತ್ರಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಆ ಮಕ್ಕಳ ತಲೆಗಳು ಹೆಲ್ಮೆಟ್ಟಿಲ್ಲದಿದ್ದರೆ ಹೇಗಿರುತ್ತಿದ್ದವು ಎಂಬ ಮೂರನೆಯ ಚಿತ್ರ ಯಾವ ಆಲ್ಬಮ್ಮಿನಲ್ಲಿಯೂ ಇರಲು ಸಾಧ್ಯವಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಸಹಿ ಹಾಕಿದೆವೇ ಎಂದು ಕೇಳಿದರೆ, ಹಾಕಿದೆವು. ನನ್ನ ಪತಿಯ ವಾದ ಸರಳವಾಗಿತ್ತು: ಕಾಯ್ದು ನೋಡಿ ಸರಿಹೋಗದಿದ್ದರೆ ಆ ತಿಂಗಳುಗಳು ಮರಳಿ ಬರುವುದಿಲ್ಲ, ಹಾಕಿಸಿ ನೋಡಿ ಪ್ರಯೋಜನವಾಗದಿದ್ದರೆ ಹೋಗುವುದು ಹಣ. ಈ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಗುವಿನ ನಾಲ್ಕು ತಿಂಗಳೂ ಹೋಗುತ್ತವೆ ಎಂಬ ಉತ್ತರ ಆಗ ಹೊಳೆಯಲಿಲ್ಲ.

ಇನ್ನು ವಸ್ತುವಿನ ಬಗ್ಗೆ. ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ಫೋಮ್, ಒಂದು ಬದಿಯಲ್ಲಿ ಪಟ್ಟಿ. ಕೈಯಲ್ಲಿ ಹಿಡಿದರೆ ನಿರೀಕ್ಷಿಸಿದ್ದಕ್ಕಿಂತ ಹಗುರ. ಇದು ತಲೆಯನ್ನು ಹಿಂಡಿ ದುಂಡಗೆ ಮಾಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಉಬ್ಬಿದ ಕಡೆಗಳಲ್ಲಿ ತಾಗಿ ನಿಂತು, ಚಪ್ಪಟೆಯಾದ ಕಡೆಯಲ್ಲಿ ಜಾಗ ಬಿಟ್ಟು, ಬೆಳೆಯುವ ತಲೆಗೆ ಆ ಖಾಲಿ ಜಾಗದ ದಾರಿ ತೋರಿಸುವುದಷ್ಟೇ ಅದರ ಕೆಲಸ. ಮೊದಲ ವಾರ ಗಂಟೆಗಳ ಲೆಕ್ಕದಲ್ಲಿ ರೂಢಿ ಮಾಡಿಸಿ ಆಮೇಲೆ 23 ಗಂಟೆಗೆ ಏರಿಸಿದೆವು. ಮಗು ಅಚ್ಚರಿಯಾಗುವಷ್ಟು ಬೇಗ ಹೊಂದಿಕೊಂಡಿತು, ಹೊಂದಿಕೊಳ್ಳಲಾಗದವಳು ನಾನು. ಹಾಲು ಕುಡಿಸುವಾಗ ಅದರ ಅಂಚು ನನ್ನ ಎದೆಗೂ ತೋಳಿಗೂ ಒತ್ತುತ್ತಿತ್ತು. ನಿದ್ದೆ ಮಾಡಿಸುವಾಗ ತಲೆ ಸವರಲು ಹೋದ ಕೈಗೆ ಪ್ಲಾಸ್ಟಿಕ್ಕು ಸಿಗುತ್ತಿತ್ತು. ದಿನಕ್ಕೊಂದು ಗಂಟೆ, ಸ್ನಾನದ ಹೊತ್ತಿನಲ್ಲಿ, ಅವನ ತಲೆ ನಮಗೆ ಸಿಗುತ್ತಿತ್ತು, ಆ ಗಂಟೆಯಲ್ಲಿಯೂ ಕೆಂಪು ಗುರುತುಗಳನ್ನು ಪರೀಕ್ಷಿಸುವ ಕೆಲಸವಿರುತ್ತಿತ್ತು. ತೆಗೆದು ಒಂದು ಗಂಟೆಯೊಳಗೆ ಮಾಯವಾಗುವ ಕೆಂಪಿಗೆ ಅಂಜಬೇಕಿಲ್ಲ, ಉಳಿದರೆ ಹೆಲ್ಮೆಟ್ಟನ್ನು ಮತ್ತೆ ಹಾಕದೆ ಕೇಂದ್ರಕ್ಕೆ ತಿಳಿಸಬೇಕು. ನಮಗೆ ಅಂಥದು ಎರಡು ಸಲ ಆಯಿತು. ಬೆವರುಸಾಲೆ ಮೊದಲ ತಿಂಗಳು ಬಿಡಲಿಲ್ಲ. ವಾಸನೆಯ ಬಗ್ಗೆ ಕೇಂದ್ರದವರು ಹೇಳಿದ್ದು ಕಡಿಮೆ: ದಿನವೂ ಸ್ಪಿರಿಟ್ಟಿನಲ್ಲಿ ಒರೆಸಿ ಗಾಳಿಗೆ ಇಟ್ಟರೂ ಹಳೆಯ ಶೂಗಳ ನೆನಪು ತರುವ ಒಂದು ಹುಳಿವಾಸನೆ ಅದಕ್ಕೆ ಅಂಟಿಕೊಂಡೇ ಇತ್ತು. ಜ್ವರ ಬಂದ ದಿನಗಳಲ್ಲಿ ಅದನ್ನು ತೆಗೆದಿಟ್ಟಿದ್ದೆವು.

ಎರಡು ವಾರಕ್ಕೊಮ್ಮೆ ಒಳಗಿನ ಫೋಮನ್ನು ಕೊರೆದು ಬೆಳೆದ ತಲೆಗೆ ಹೊಂದಿಸಿ ಕೊಡುತ್ತಿದ್ದ ತಂತ್ರಜ್ಞೆಯ ಬಗ್ಗೆ ನನಗೆ ಒಳ್ಳೆಯ ಮಾತಲ್ಲದೆ ಬೇರೆ ಇಲ್ಲ. ಆಕೆಯ ಕೈ ನಿಧಾನ, ಕಣ್ಣು ಚುರುಕು. ಮಗು ಅತ್ತರೆ ಕೆಲಸ ನಿಲ್ಲಿಸಿ ಕಾಯುತ್ತಿದ್ದರು. ಕೈಯಲ್ಲಿ ಕ್ಯಾಲಿಪರ್ ಹಿಡಿದು ಅಳೆದಾಗ ಒಂದೆರಡು ಮಿಲಿಮೀಟರ್ ಆಚೀಚೆ ಆಗುವುದುಂಟು, ಒಂದು ಭೇಟಿಯ ಸಂಖ್ಯೆ ನೋಡಿ ಹಿಗ್ಗಬೇಡಿ, ಕುಗ್ಗಲೂಬೇಡಿ ಎಂದು ಹೇಳಿದವರೂ ಅವರೇ. ಮಾರಾಟದ ಕೊಠಡಿಯಲ್ಲಿ ಅವರನ್ನು ಕೂರಿಸಿದ್ದರೆ ನಮ್ಮ ನಿರ್ಧಾರವೇ ಬೇರೆಯಾಗುತ್ತಿತ್ತೋ ಏನೋ.

ಆರೂವರೆ ತಿಂಗಳಿನಲ್ಲಿ ಮಗುವಿಗೆ ಕೆಮ್ಮು ಬಂದು ಬೇರೊಬ್ಬ ವೈದ್ಯರಿಗೆ ತೋರಿಸಿದಾಗ ಅವರು ಎದೆ ನೋಡುವ ಮೊದಲು ಕತ್ತು ನೋಡಿದರು. ತಲೆ ಒಂದು ಪಕ್ಕಕ್ಕೆ ವಾಲಿದೆ, ಗಲ್ಲ ಇನ್ನೊಂದು ಪಕ್ಕಕ್ಕೆ ತಿರುಗಿದೆ. ಎಡಗತ್ತಿನ ಸ್ನಾಯು ಬಿಗಿದುಕೊಂಡಿರುವುದರಿಂದ ಮಗುವಿಗೆ ಎಡಕ್ಕೆ ಪೂರ್ತಿ ತಿರುಗಲು ಆಗುತ್ತಲೇ ಇಲ್ಲ ಎಂದರು. ನಾವು ಹಟ ಎಂದುಕೊಂಡದ್ದು ಇದೇ. ಮೊದಲ ವೈದ್ಯರೂ ಹೆಲ್ಮೆಟ್ ಕೇಂದ್ರದವರೂ ತಲೆಯನ್ನು ಅಷ್ಟು ಬಗೆಯಲ್ಲಿ ನೋಡಿದ್ದರು, ಅದು ಯಾವುದರ ಮೇಲೆ ಕೂತಿದೆ ಎಂಬುದನ್ನು ನೋಡಿರಲಿಲ್ಲ. ಫಿಸಿಯೋಥೆರಪಿಸ್ಟರು ವಾರಕ್ಕೊಮ್ಮೆ ಬಂದು, ಕತ್ತನ್ನು ಮೆಲ್ಲಗೆ ಹಿಗ್ಗಿಸುವ ಬಗೆಯನ್ನೂ, ಎಡಬದಿಯಿಂದ ಗಿಲಕಿ ಆಡಿಸಿ ತಾನಾಗಿ ತಿರುಗುವಂತೆ ಮಾಡುವ ಬಗೆಯನ್ನೂ ಕಲಿಸಿದರು. ಐದು ವಾರದಲ್ಲಿ ಮಗು ಎರಡೂ ಕಡೆ ಸಲೀಸಾಗಿ ನೋಡತೊಡಗಿತು, ಬೋರಲು ಬಿದ್ದು ತೆವಳತೊಡಗಿತು. ಹಿಂದಲೆಯ ಮೇಲೆ ಭಾರ ಬೀಳುವ ಹೊತ್ತೇ ಅರ್ಧದಷ್ಟಾಯಿತು. 14ರಿಂದ ಇಳಿದ ಸಂಖ್ಯೆಯನ್ನು ಹೆಲ್ಮೆಟ್ಟಿನ ಖಾತೆಗೆ ಪೂರ್ತಿಯಾಗಿ ಜಮಾ ಮಾಡಲು ನಾನು ಹಿಂಜರಿಯುವುದು ಇದಕ್ಕಾಗಿ. ಕತ್ತು ಬಿಗಿದ ಮಕ್ಕಳನ್ನು ನೆದರ್ಲೆಂಡ್ಸಿನ ಪ್ರಯೋಗ ಹೊರಗಿಟ್ಟಿದ್ದರಿಂದ, ಅದರ ತೀರ್ಪನ್ನು ನನ್ನ ಮಗನ ತಲೆಗೆ ನೇರವಾಗಿ ಅನ್ವಯಿಸಿ ಹೆಲ್ಮೆಟ್ಟು ದಂಡವಾಯಿತು ಎನ್ನುವ ಹಾಗೂ ಇಲ್ಲ.

ಯಾರಿಗೆ ಹೆಲ್ಮೆಟ್ಟು ಬೇಕಾಗಬಹುದು ಎಂಬುದಕ್ಕೆ ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘಟನೆ 2016ರಲ್ಲಿ ಕೊಟ್ಟ ಮಾರ್ಗಸೂಚಿ ನನಗೆ ನ್ಯಾಯವಾಗಿ ಕಾಣುತ್ತದೆ: ಭಂಗಿ ಬದಲಿಸುವುದು, ಫಿಸಿಯೋಥೆರಪಿ ಇವನ್ನು ಮೊದಲು ಮಾಡಿ, ಆಮೇಲೂ ಮಧ್ಯಮ ಅಥವಾ ತೀವ್ರ ಚಪ್ಪಟೆತನ ಉಳಿದರೆ, ಇಲ್ಲವೇ ಮಗುವನ್ನು ಕರೆತಂದದ್ದೇ ತಡವಾಗಿದ್ದರೆ. ನಮ್ಮದು ಮಧ್ಯಮವೇ ಆಗಿತ್ತು, ಆದರೆ ಮೊದಲು ಮಾಡಬೇಕಾದದ್ದನ್ನು ನಾವು ನಡುವೆ ಮಾಡಿದೆವು. ಮೂರನೆಯ ತಿಂಗಳಿನಲ್ಲಿ ಯಾರಾದರೂ ಕತ್ತು ನೋಡಿದ್ದರೆ ಐದನೆಯ ತಿಂಗಳಿನ ಕೆಂಪು ಚಿತ್ರ ಅಷ್ಟು ಕೆಂಪಾಗಿರುತ್ತಿರಲಿಲ್ಲ ಎಂದು ನನ್ನ ನಂಬಿಕೆ. ತಲೆ ದುಂಡಗೆ ಮಾಡುತ್ತದೆಂದು ಮಾರುವ ಶಿಶುದಿಂಬುಗಳ ವಿಷಯದಲ್ಲಿ ಮಾತ್ರ ತೂಗಿನೋಡುವ ಪ್ರಶ್ನೆಯೇ ಇಲ್ಲ: ಅವು ಉಸಿರುಕಟ್ಟುವ ಅಪಾಯವನ್ನು ಹೆಚ್ಚಿಸಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರಲ್ಲಿಯೇ ಎಚ್ಚರಿಸಿದೆ. ನಾವು ತರಿಸಿದ್ದ ಒಂದನ್ನು ಬಳಸದೆ ಎಸೆದೆವು.

ಅಂಕ ಕೊಡಲೇಬೇಕೆಂದರೆ, ಫೋಮ್ ಹೊಂದಿಸಿಕೊಟ್ಟ ತಂತ್ರಜ್ಞೆಗೆ ಐದು, ಫಿಸಿಯೋಥೆರಪಿಗೆ ಐದು, ಕೇಂದ್ರದ ಮೊದಲ ಸಮಾಲೋಚನೆಗೆ ಎರಡು. ಹೆಲ್ಮೆಟ್ಟಿಗೆ ನಾನು ಮೂರು ಬರೆದೆ. ಪಕ್ಕದಲ್ಲಿ ಕುಳಿತು ಓದುತ್ತಿದ್ದ ಪತಿ ಅದನ್ನು ಒಪ್ಪಲಿಲ್ಲ; ಇಂಥದೇ ಸಂದರ್ಭ ಮತ್ತೊಮ್ಮೆ ಬಂದರೆ ತಾನು ಮತ್ತೆ ಹಾಕಿಸುವವನೇ ಎಂದರು, ತಮ್ಮ ಕಡೆಯಿಂದ ನಾಲ್ಕೂವರೆ ಎಂದು ಬರೆಯಲು ಹೇಳಿದರು. ಆದುದರಿಂದ ಎರಡನ್ನೂ ಇಲ್ಲಿ ಬರೆದಿದ್ದೇನೆ. ಮಗನ ಹಿಂದಲೆಯ ಬಲಭಾಗ ಬೆರಳಿಟ್ಟು ನೋಡಿದರೆ ಈಗಲೂ ತುಸು ಸಪಾಟಾಗಿದೆ. ಕೂದಲು ಬೆಳೆದಿರುವುದರಿಂದ, ಅದು ಎಲ್ಲಿದೆಯೆಂದು ಗೊತ್ತಿರುವ ನಮ್ಮಿಬ್ಬರಿಗಲ್ಲದೆ ಬೇರೆಯವರಿಗೆ ಕಾಣುವುದಿಲ್ಲ.